ಗಿಟ್ ಎಂಬ ಮನೆಯ ದಫ್ತರ

ಸಂಜೆಯ ಹೊತ್ತು ರೇಡಿಯೋ ಹಚ್ಚಿ, ಚಹದ ಕಪ್ಪು ಕೈಯಲ್ಲಿ ಹಿಡಿದು ಕುಳಿತಿದ್ದೀರಿ. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಮಗ ಒಳಗಿನ ಕೋಣೆಯಲ್ಲಿ ಫೋನಿನ ಮೇಲೆ ಯಾರೊಡನೆಯೋ ಜೋರಾಗಿ ಮಾತಾಡುತ್ತಿದ್ದಾನೆ: “ನಾ ನಿನ್ನೇನ ಕಮಿಟ್ ಮಾಡೇನಿ, ಪುಶ್ ಆಗವಲ್ದು. ನೀ ಏನರೆ ಬದಲಿ ಮಾಡೀ ಏನು?” ಅಡಿಗೆಮನೆಯಿಂದ ಅವನ ತಾಯಿ, “ಯಾರನ್ನ ನೂಕಾಕತ್ತೀಯೋ ತಮ್ಮಾ?” ಎಂದು ಕೇಳುತ್ತಾರೆ. ಮಗ ನಗುತ್ತಾನೆ, ಉತ್ತರ ಕೊಡುವುದಿಲ್ಲ. ಅವನು ಕೊಡದೆ ಹೋದ ಉತ್ತರವನ್ನು ಇಲ್ಲಿ ಬರೆಯಬೇಕೆಂದಿದ್ದೇನೆ.

ಇವೆಲ್ಲ ಕಂಪನಿಯ ಹುಡುಗರ ಮಾತು, ನಮಗೇಕೆ ಎಂದು ನಾನೂ ಬಹಳ ದಿವಸ ತಿಳಿದಿದ್ದೆ. ಕಣ್ಣು ತೆರೆಯಿಸಿದ್ದು ಒಂದು ನಷ್ಟ. ಅಣ್ಣಿಗೇರಿಯಲ್ಲಿದ್ದ ನನ್ನ ಸೋದರತ್ತೆ ಬೀಸುವ ಪದ, ಕುಟ್ಟುವ ಪದಗಳನ್ನು ಬಲ್ಲವರು. ಎರಡು ದೀಪಾವಳಿಯ ಸೂಟಿಯಲ್ಲಿ ಅವರ ಮುಂದೆ ಕುಳಿತು 64 ಪದಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಂಡೆ. ತಿದ್ದಿದಾಗಲೆಲ್ಲ ಹಳೆಯದರ ಮೇಲೆಯೇ ತಿದ್ದಿದೆ. ಪ್ರತಿ ಇದ್ದದ್ದು ಒಂದೇ. ಅತ್ತೆ ತೀರಿಕೊಂಡ ಮರುವರ್ಷ ಆ ಕಂಪ್ಯೂಟರಿನ ಡಿಸ್ಕು ಕೆಟ್ಟಿತು. ರಿಪೇರಿ ಅಂಗಡಿಯವರು ಒಂದು ವಾರ ಇಟ್ಟುಕೊಂಡು, “ಏನೂ ಬರಂಗಿಲ್ರೀ” ಎಂದು ಹಿಂದಕ್ಕೆ ಕೊಟ್ಟರು. ಕುಂದಗೋಳದಲ್ಲಿ ಶಾಲೆಯ ಮಾಸ್ತರಿಕೆ ಮಾಡುತ್ತಿರುವ ಅತ್ತೆಯ ಮೊಮ್ಮಗಳೂ ನಾನೂ ಕುಳಿತು ನೆನಪಿನಿಂದ ತೆಗೆದದ್ದು 11 ಪದ ಮಾತ್ರ. ಆಗ ಆ ಹುಡುಗಿ, “ಮಾಮಾ, ಈ ಸಲ ಗಿಟ್‌ನಾಗ ಇಡೂಣು” ಎಂದಳು.

ಗಿಟ್ ಎಂದರೇನು? ಒಂದು ಕೆಲಸದ ಕಾಗದಪತ್ರಗಳನ್ನು, ಅವುಗಳಲ್ಲಿ ಕಾಲಕಾಲಕ್ಕೆ ಆದ ಬದಲಾವಣೆಗಳ ಸಮೇತ ಕಾಯ್ದಿಡುವ ಒಂದು ಪ್ರೋಗ್ರಾಮು. ಇದರ ಹುಟ್ಟು 2005ರ ಏಪ್ರಿಲ್ ತಿಂಗಳಲ್ಲಿ. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ತಿರುಳನ್ನು ಜಗತ್ತಿನ ನಾನಾ ಭಾಗಗಳ ಜನ ಕೂಡಿ ಬರೆಯುತ್ತಿದ್ದರು. ಅವರು ಬದಲಾವಣೆಗಳ ಲೆಕ್ಕವಿಡಲು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನವನ್ನು ಅದರ ಒಡೆಯರು ಪುಕ್ಕಟೆ ಕೊಡುವುದನ್ನು ನಿಲ್ಲಿಸಿದರು. ಲಿನಕ್ಸಿನ ಜನಕ, ಫಿನ್ಲೆಂಡಿನಲ್ಲಿ ಹುಟ್ಟಿದ ಲೀನಸ್ ಟೋರ್ವಾಲ್ಡ್ಸ್, ಕೆಲವೇ ದಿವಸಗಳಲ್ಲಿ ತನ್ನದೇ ಒಂದನ್ನು ಕಟ್ಟಿ ಅದಕ್ಕೆ ಗಿಟ್ ಎಂದು ಹೆಸರಿಟ್ಟ. ಇಂಗ್ಲೆಂಡಿನ ಆಡುಮಾತಿನಲ್ಲಿ ಗಿಟ್ ಎಂದರೆ ತಲೆಹರಟೆ ಮನುಷ್ಯ. ನನ್ನ ಕೆಲಸಗಳಿಗೆಲ್ಲ ನನ್ನ ಹೆಸರನ್ನೇ ಇಡುತ್ತೇನೆ ಎಂದು ಆತ ತಮಾಷೆ ಮಾಡಿದ್ದುಂಟು.

ಇದರ ಮರ್ಮವನ್ನು ತಿಳಿಯಲು ನಮ್ಮ ಜಿಲ್ಲೆಯ ರೈತನಿಗೆ ಹೊಸ ಪಾಠವೇನೂ ಬೇಕಿಲ್ಲ. ಹೊಲದ ಉತಾರವನ್ನು ಬಲ್ಲವನು ಅರ್ಧ ಗಿಟ್ ಬಲ್ಲವನೇ. ಉತಾರದಲ್ಲಿ ಈ ಹೊತ್ತು ಹೊಲ ಯಾರ ಹೆಸರಿನಲ್ಲಿದೆ ಎಂಬುದು ಕಾಣುತ್ತದೆ. ಆ ಹೆಸರು ಅಲ್ಲಿಗೆ ಹೇಗೆ ಬಂತು? ಅದಕ್ಕೆ ಬೇರೆ ಪುಸ್ತಕವುಂಟು. ಖರೀದಿಯಾಗಲಿ, ವಾಟ್ನಿಯಾಗಲಿ, ಹಿರಿಯರು ತೀರಿಕೊಂಡು ವಾರಸಾ ಆಗಲಿ, ಚಾವಡಿಗೆ ವರ್ದಿ ಕೊಡಬೇಕು. ಅದಕ್ಕೊಂದು ನಂಬರು, ಒಂದು ತಾರೀಖು, ಕಾರಣ, ಯಾರು ಕೊಟ್ಟರೆಂಬ ಹೆಸರು. ಕೈಬರಹದ ದಫ್ತರಗಳು ಹೋಗಿ, 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಕಂಪ್ಯೂಟರು ಬಂದ ಮೇಲೂ ಈ ಕ್ರಮ ತಪ್ಪಿಲ್ಲ. ಅಜ್ಜನ ಕಾಲದ ವಾಟ್ನಿಯ ತಕರಾರು ಮೊಮ್ಮಕ್ಕಳ ಕಾಲಕ್ಕೆ ಎದ್ದಾಗ ವಕೀಲರು ಮೊದಲು ಕೇಳುವುದು ಹಳೆಯ ವರ್ದಿಯ ನಂಬರನ್ನೇ. ಉತಾರ ಇಂದಿನ ಸ್ಥಿತಿ, ವರ್ದಿಗಳ ಸಾಲು ಅದರ ಚರಿತ್ರೆ. ಗಿಟ್ ಈ ಎರಡನ್ನೂ ಒಟ್ಟಿಗೆ ಇಡುತ್ತದೆ. ನಾನು 64 ಪದ ಬರೆದಾಗ ನನ್ನ ಬಳಿ ಉತಾರವಿತ್ತು, ವರ್ದಿ ಒಂದೂ ಇರಲಿಲ್ಲ.

ಇನ್ನು ಕೆಲಸಕ್ಕೆ ತೊಡಗೋಣ. ಗಿಟ್ ಪುಕ್ಕಟೆಯಾಗಿ ಸಿಗುತ್ತದೆ, ಮನೆಯ ಹುಡುಗರು ಹತ್ತು ನಿಮಿಷದಲ್ಲಿ ಹಾಕಿಕೊಟ್ಟಾರು. ಆಜ್ಞೆಗಳನ್ನು ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪು ಮಾಡಬೇಕು. ಇಲ್ಲಿ ನಾನು ಬರೆದಿರುವುದು ಅವುಗಳ ಉಚ್ಚಾರ.

ಪದಗಳ ಫೈಲುಗಳಿರುವ ಕಡತವನ್ನು ತೆರೆದು ‘ಗಿಟ್ ಇನಿಟ್’ ಎಂದು ಹೊಡೆದರೆ ಅಲ್ಲಿ ದಫ್ತರ ಸ್ಥಾಪನೆಯಾಯಿತು. ಕಣ್ಣಿಗೆ ಏನೂ ಕಾಣಿಸದು. ಒಳಗೊಂದು ಮರೆಯಾದ ಕಡತ ಹುಟ್ಟಿರುತ್ತದೆ, ಚರಿತ್ರೆಯೆಲ್ಲ ಅದರಲ್ಲೇ. ಅದನ್ನು ಅಳಿಸಿದರೆ ದಫ್ತರವೇ ಹೋದಂತೆ. ಆಮೇಲೆ ‘ಗಿಟ್ ಕಾನ್ಫಿಗ್’ ಎಂಬ ಆಜ್ಞೆಯಿಂದ ನಿಮ್ಮ ಹೆಸರು, ಈಮೇಲು ವಿಳಾಸ ತಿಳಿಸಬೇಕು. ಮುಂದಿನ ಪ್ರತಿಯೊಂದು ನಮೂದಿನ ಕೆಳಗೂ ಈ ಹೆಸರು ಬೀಳುತ್ತದೆ. ಹಾಗೆಂದು ಇದು ರುಜುವಲ್ಲ. ಯಾರು ಯಾವ ಹೆಸರನ್ನು ಬರೆದರೂ ಗಿಟ್ ನಂಬುತ್ತದೆ. ಈ ವಿಷಯದಲ್ಲಿ ನಮ್ಮ ಚಾವಡಿಯೇ ಹೆಚ್ಚು ಬಿಗಿ.

ದಿನನಿತ್ಯದ ಆಜ್ಞೆಗಳು ಮೂರು. ಮೊದಲನೆಯದು ‘ಗಿಟ್ ಸ್ಟೇಟಸ್’. ಯಾವ ಫೈಲು ಬದಲಾಗಿದೆ, ಯಾವುದು ಹೊಸದು, ಯಾವುದು ಇನ್ನೂ ನಮೂದಾಗಿಲ್ಲ ಎಂಬುದನ್ನು ಇದು ಹೇಳುತ್ತದೆ. ಸಂಶಯ ಬಂದಾಗಲೆಲ್ಲ ಇದನ್ನು ಹೊಡೆಯಿರಿ, ಇದರಿಂದ ಏನೂ ಕೆಡುವುದಿಲ್ಲ. ಒಂದು ವಿಚಿತ್ರ ಮಾತ್ರ ನಿಮ್ಮನ್ನು ಗಾಬರಿಪಡಿಸೀತು. ಫೈಲಿನ ಹೆಸರನ್ನು ಕನ್ನಡದಲ್ಲಿ ಇಟ್ಟಿದ್ದರೆ ಗಿಟ್ ಅದನ್ನು ಓದಲಾಗದ ಅಂಕಿಗಳ ಸಾಲಾಗಿ ತೋರಿಸುತ್ತದೆ. ಫೈಲು ಕೆಟ್ಟಿಲ್ಲ. ಕಾನ್ಫಿಗ್‌ನಲ್ಲಿ ‘ಕೋರ್ ಡಾಟ್ ಕೋಟ್‌ಪಾಥ್’ ಎಂಬುದನ್ನು ‘ಫಾಲ್ಸ್’ ಎಂದು ಮಾಡಿದರೆ ಕನ್ನಡ ಹೆಸರು ಕನ್ನಡದಲ್ಲೇ ಕಾಣುತ್ತದೆ.

ಎರಡನೆಯದು ‘ಗಿಟ್ ಆಡ್’, ಮುಂದೆ ಫೈಲಿನ ಹೆಸರು. ಇದರಿಂದ ನಮೂದು ಆಗಿಬಿಡಲಿಲ್ಲ. ವರ್ದಿ ಕೊಡಲು ಹೊರಡುವ ಮುನ್ನ ಟ್ರಂಕು ತೆಗೆದು, ಈ ಸಲಕ್ಕೆ ಬೇಕಾದ ಕಾಗದಗಳನ್ನಷ್ಟೇ ಆರಿಸಿ ಬೇರೆ ಇಡುತ್ತೇವಲ್ಲ, ಅಷ್ಟು ಮಾತ್ರ. ಬೀಸುವ ಪದದಲ್ಲೊಂದು ತಪ್ಪು ತಿದ್ದಿದ್ದೀರಿ, ಜೋಗುಳವೊಂದನ್ನು ಅರ್ಧ ಬರೆದಿದ್ದೀರಿ ಎನ್ನಿ. ಮೊದಲನೆಯದನ್ನು ಆಡ್ ಮಾಡಿ, ಎರಡನೆಯದನ್ನು ಹಾಗೆಯೇ ಬಿಡಬಹುದು.

ಮೂರನೆಯದೇ ಮುಖ್ಯವಾದ ‘ಗಿಟ್ ಕಮಿಟ್’. ಇದೇ ವರ್ದಿ. ಅದರ ಮುಂದೆ ಒಂದು ಅಡ್ಡಗೀಟು, ‘ಎಂ’ ಅಕ್ಷರ, ಆಮೇಲೆ ಉದ್ಧರಣ ಚಿಹ್ನೆಗಳ ನಡುವೆ ಕಾರಣ. ‘ಎಂ’ ಮರೆತರೆ ಗಿಟ್ ಇನ್ನೊಂದು ಪರದೆ ತೆರೆದು ಕಾರಣಕ್ಕಾಗಿ ಕಾಯುತ್ತ ಕೂಡುತ್ತದೆ, ಹೊಸಬರು ಅಲ್ಲಿಂದ ಹೊರಬರಲಾರದೆ ಒದ್ದಾಡುತ್ತಾರೆ. ಕಾರಣವನ್ನು ಬರೆಯುವುದರಲ್ಲಿ ಜಿಪುಣತನ ಬೇಡ. “ತಿದ್ದಿದೆ” ಎಂದಷ್ಟೇ ಬರೆದರೆ ಐದು ವರ್ಷದ ಮೇಲೆ ನಿಮಗೇ ಅರ್ಥವಾಗದು. “7ನೆಯ ಪದ, ಮೂರನೆಯ ನುಡಿ: ಕುಂದಗೋಳದ ಹಾಡಿಕೆಯಂತೆ ತಿದ್ದಿದೆ” ಎಂದು ಬರೆದರೆ ಅರ್ಥವಾಗುತ್ತದೆ. ಏನು ಬದಲಾಯಿತೆಂಬುದನ್ನು ಯಂತ್ರ ತಾನೇ ಹುಡುಕಿಕೊಳ್ಳುತ್ತದೆ. ಏಕೆ ಬದಲಾಯಿತೆಂಬುದು ಮಾತ್ರ ನೀವು ಹೇಳದೆ ಅದಕ್ಕೆ ತಿಳಿಯುವುದಿಲ್ಲ.

ಕಮಿಟ್ ಆದೊಡನೆ ಅದಕ್ಕೊಂದು ಗುರುತು ಬೀಳುತ್ತದೆ. ಸಾಮಾನ್ಯವಾಗಿ ಅದು 40 ಅಕ್ಷರ ಅಂಕಿಗಳ ಸರ. ಒಂದು, ಎರಡು, ಮೂರು ಎಂಬ ಸಾಲು ನಂಬರು ಏಕಿಲ್ಲ ಎಂದು ನಾನೂ ಗೊಣಗಿದ್ದೆ. ಕಾರಣವುಂಟು. ಈ ಗುರುತನ್ನು ಯಂತ್ರ ಲೆಕ್ಕ ಹಾಕಿ ತೆಗೆಯುವುದು ಫೈಲುಗಳಲ್ಲಿರುವ ಬರಹದಿಂದ, ಬರೆದವರ ಹೆಸರು ತಾರೀಖುಗಳಿಂದ, ಮತ್ತು ಇದರ ಹಿಂದಿನ ಕಮಿಟ್‌ನ ಗುರುತಿನಿಂದ. ಆದ್ದರಿಂದ ದಫ್ತರದ ನಡುವೆ ಯಾರಾದರೂ ಒಂದು ಹಾಳೆ ಕಿತ್ತು ಬೇರೆ ಹಾಳೆ ಸೇರಿಸಿದರೆ ಅಲ್ಲಿಂದ ಮುಂದಿನ ಎಲ್ಲ ಹಾಳೆಗಳ ಗುರುತೂ ಬದಲಾಗುತ್ತದೆ. ಮತ್ತೊಬ್ಬರ ಬಳಿ ಹಳೆಯ ಪ್ರತಿ ಇದ್ದರೆ ಕಳವು ಕೂಡಲೇ ಬಯಲಿಗೆ ಬರುತ್ತದೆ. ಹಳೆಯ ದಫ್ತರದಲ್ಲಿ ಬ್ಲೇಡಿನಿಂದ ಹೆರೆದು ಹೆಸರು ತಿದ್ದಿದ ಕಥೆಗಳನ್ನು ಕೇಳಿದವರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಚರಿತ್ರೆಯನ್ನು ನೋಡಲು ‘ಗಿಟ್ ಲಾಗ್’. ಹೊಸ ನಮೂದು ಮೇಲೆ, ಹಳೆಯದು ಕೆಳಗೆ. ನೋಡಿ ಮುಗಿದ ಮೇಲೆ ‘ಕ್ಯೂ’ ಅಕ್ಷರ ಒತ್ತಿ ಹೊರಗೆ ಬರಬೇಕು. ಇದನ್ನು ಯಾರೂ ಹೇಳಿಕೊಡದೆ ನಾನು ಮೊದಲ ದಿನ ಕಂಪ್ಯೂಟರನ್ನೇ ಆರಿಸಿಬಿಟ್ಟಿದ್ದೆ. ಇನ್ನೂ ಆಡ್ ಮಾಡದ ಬದಲಾವಣೆಗಳು ಯಾವುವು ಎಂದು ಸಾಲುಸಾಲಾಗಿ ನೋಡಲು ‘ಗಿಟ್ ಡಿಫ್’. ತೆಗೆದ ಸಾಲಿಗೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿಗೆ ಕೂಡಿಸುವ ಚಿಹ್ನೆ. ಸಾದಾ ಪಠ್ಯದ ಫೈಲುಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ವರ್ಡ್ ಫೈಲುಗಳನ್ನೂ ಫೋಟೋಗಳನ್ನೂ ಗಿಟ್ ಕಾಯ್ದಿಟ್ಟೀತು, ಅವುಗಳ ಒಳಗಿನ ವ್ಯತ್ಯಾಸವನ್ನು ಹೀಗೆ ಬಿಡಿಸಿ ತೋರಿಸಲಾರದು.

ಕಮಿಟ್ ಆದದ್ದು ತಪ್ಪಾಗಿದ್ದರೆ ‘ಗಿಟ್ ರಿವರ್ಟ್’, ಮುಂದೆ ಆ ಕಮಿಟ್‌ನ ಗುರುತು. ಅದು ಹಳೆಯ ನಮೂದನ್ನು ಹರಿದು ಹಾಕುವುದಿಲ್ಲ. ಅದಕ್ಕೆ ಪ್ರತಿಯಾಗಿ ಹೊಸ ನಮೂದನ್ನು ಬರೆದು ಮೊದಲಿನ ಸ್ಥಿತಿಗೆ ತರುತ್ತದೆ. ತಪ್ಪು ಮಾಡಿದ್ದೂ ತಿದ್ದಿದ್ದೂ ಎರಡೂ ದಾಖಲೆಯಲ್ಲಿ ಉಳಿಯುತ್ತವೆ. ‘ಗಿಟ್ ರಿಸ್ಟೋರ್’ ಎಂಬ ಇನ್ನೊಂದರ ಹತ್ತಿರ ಮಾತ್ರ ಎಚ್ಚರಿಕೆ. ಆಡ್ ಆಗಲಿ ಕಮಿಟ್ ಆಗಲಿ ಮಾಡದಿದ್ದ ಬದಲಾವಣೆಗಳನ್ನು ಅದು ಎಸೆದುಬಿಡುತ್ತದೆ, ಅವು ಮತ್ತೆ ಸಿಗಲಾರವು.

ಇಷ್ಟನ್ನು ಒಂದೇ ಕಂಪ್ಯೂಟರಿನಲ್ಲಿ ಮಾಡಿ ಕುಳಿತರೆ ನನ್ನ ಡಿಸ್ಕಿನ ಗತಿಯೇ ನಿಮ್ಮದಕ್ಕೂ ಆದೀತು. ವರ್ದಿಗಳು ಎಷ್ಟೇ ಕ್ರಮವಾಗಿದ್ದರೂ ಚಾವಡಿಗೆ ಬೆಂಕಿ ಬಿದ್ದರೆ ಏನು ಮಾಡುವುದು? ಗಿಟ್‌ಗಿಂತ ಹಿಂದೆ ಬಂದ ಸಬ್‌ವರ್ಶನ್ ಮೊದಲಾದ ಸಾಧನಗಳಲ್ಲಿ ಪೂರ್ತಿ ಚರಿತ್ರೆ ನಡುವಿನ ಒಂದು ಯಂತ್ರದಲ್ಲಿರುತ್ತಿತ್ತು. ಉಳಿದವರ ಬಳಿ ಇಂದಿನ ಉತಾರದ ನಕಲಷ್ಟೇ. ಗಿಟ್ ಹಂಚಿಟ್ಟ ದಫ್ತರ. ‘ಗಿಟ್ ಕ್ಲೋನ್’ ಎಂದು ಹೊಡೆದು ದಫ್ತರವಿರುವ ವಿಳಾಸ ಕೊಟ್ಟವನಿಗೆ ಮೊದಲ ನಮೂದಿನಿಂದ ಕೊನೆಯ ನಮೂದಿನವರೆಗೆ ಎಲ್ಲವೂ ದೊರೆಯುತ್ತದೆ. ಅವನ ಪ್ರತಿ ನಿಮ್ಮದಕ್ಕಿಂತ ಕಡಿಮೆಯದಲ್ಲ. ನಿಮ್ಮದು ಸುಟ್ಟರೆ ಅವನದರಿಂದ ಮತ್ತೆ ಕ್ಲೋನ್ ಮಾಡಿಕೊಳ್ಳಬಹುದು.

ಈ ಯುಕ್ತಿ ನಮ್ಮ ನಾಡಿಗೆ ಹೊಸದೇನಲ್ಲ. ಅಣ್ಣಿಗೇರಿಯಿಂದ ಗದಗ ದಾಟಿ ಮುಂದೆ ಹೋದರೆ ಲಕ್ಕುಂಡಿ. 1997ರವರೆಗೆ ಅದೂ ನಮ್ಮ ಧಾರವಾಡ ಜಿಲ್ಲೆಯದೇ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಆ ಊರಿನೊಡನೆ ಕೂಡಿಕೊಂಡಿದೆ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಆಕೆ ಹಂಚಿಸಿದಳೆಂದು ಪ್ರಸಿದ್ಧಿ. ಗೆದ್ದಲು, ಮಳೆ, ಬೆಂಕಿಗಳು ಸಾವಿರ ಮನೆಗಳನ್ನು ಒಂದೇ ಸಲ ಹೊಗಲಾರವು ಎಂಬುದು ಆ ಮಹಾತಾಯಿಗೆ ತಿಳಿದಿರಬೇಕು. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ನಮ್ಮಲ್ಲುಂಟು. ನವಲಗುಂದದ ಜಮಖಾನೆಗಳನ್ನು ನೇಯುವವರು ಹೆಂಗಸರು. ಆ ಕಸಬು ಬೇರೆ ಮನೆತನಕ್ಕೆ ಹೋಗದಿರಲೆಂದು ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯಂದಿರಿಗೆ ಮಾತ್ರ ಕಲಿಸುತ್ತಿದ್ದರೆಂದು ಹೇಳುತ್ತಾರೆ. ಹೊಟ್ಟೆಪಾಡಿನ ಗುಟ್ಟು, ಅದನ್ನು ತಪ್ಪೆನ್ನಲು ನಾವಾರು? ಆದರೂ ಇಂದು ಆ ಮಗ್ಗದ ಮುಂದೆ ಕೂಡುವವರು ಕೆಲವೇ ಕೆಲವರು.

ನಮ್ಮ ಮನೆಯ ಸಂಗತಿಗೆ ಬರೋಣ. ಈಗ ಪದಗಳ ದಫ್ತರದ ಪ್ರತಿ ನಾಲ್ಕು ಕಡೆ ಇವೆ: ಧಾರವಾಡದಲ್ಲಿ ನನ್ನ ಬಳಿ, ಕುಂದಗೋಳದಲ್ಲಿ ಆ ಹುಡುಗಿಯ ಬಳಿ, ನವಲಗುಂದದಲ್ಲಿ ನನ್ನ ತಮ್ಮನ ಬಳಿ, ಕಲಘಟಗಿಯಲ್ಲಿ ಅತ್ತೆಯ ಕಿರಿಯ ಮಗಳ ಬಳಿ. ಎಲ್ಲರಿಗೂ ಕೂಡುಕಟ್ಟೆಯಂತೆ ಇಂಟರ್‌ನೆಟ್ಟಿನಲ್ಲಿ ಒಂದು ಪ್ರತಿ. ಹೀಗೆ ಇಡಲು ಜಾಗ ಕೊಡುವ ಗಿಟ್‌ಹಬ್ ಎಂಬ ತಾಣ 2008ರಿಂದ ನಡೆದಿದೆ, ಬೇರೆಯವೂ ಇವೆ. ಗಿಟ್ ಬೇರೆ, ಗಿಟ್‌ಹಬ್ ಬೇರೆ ಎಂಬುದನ್ನು ನೆನಪಿಡಿ. ಇಂಟರ್‌ನೆಟ್ಟಿಲ್ಲದೆಯೂ ಗಿಟ್ ನಡೆಯುತ್ತದೆ. ಪೆನ್ ಡ್ರೈವಿನಲ್ಲಿ ‘ಗಿಟ್ ಇನಿಟ್’ಗೆ ‘ಬೇರ್’ ಎಂಬ ಮಾತು ಸೇರಿಸಿ ದಫ್ತರ ಮಾಡಿಟ್ಟುಕೊಂಡರೆ ಅದೇ ಕೂಡುಕಟ್ಟೆಯಾಗುತ್ತದೆ. ಕಲಘಟಗಿಯ ಬಸ್ಸಿನಲ್ಲಿ ಅದನ್ನು ಕಳಿಸಿ ತರಿಸಿಕೊಂಡದ್ದೂ ಉಂಟು.

ನಿಮ್ಮಲ್ಲಿಯ ಹೊಸ ಕಮಿಟ್‌ಗಳನ್ನು ಕೂಡುಕಟ್ಟೆಗೆ ಒಯ್ದು ಮುಟ್ಟಿಸುವುದು ‘ಗಿಟ್ ಪುಶ್’. ಅಲ್ಲಿಗೆ ಉಳಿದವರು ತಂದದ್ದನ್ನು ನಿಮ್ಮ ಮನೆಗೆ ತಂದು ಕೂಡಿಸಿಕೊಳ್ಳುವುದು ‘ಗಿಟ್ ಪುಲ್’. ಕಮಿಟ್ ಮಾಡಿದರೆ ಸಾಕು, ಎಲ್ಲರಿಗೂ ತಲುಪಿತು ಎಂದು ಹೊಸಬರು ತಿಳಿಯುತ್ತಾರೆ. ಹಾಗಲ್ಲ. ಪುಶ್ ಮಾಡುವವರೆಗೆ ಅದು ನಿಮ್ಮ ಯಂತ್ರದಲ್ಲಿ ಮಾತ್ರ ಇರುತ್ತದೆ. ಒಮ್ಮೆ ಪುಶ್ ಆಗಿ ನಾಲ್ವರ ಕೈ ಸೇರಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಬಹಳ ಕಷ್ಟ. ಬ್ಯಾಂಕಿನ ಪಾಸ್‌ವರ್ಡು, ಆಧಾರ್ ನಂಬರುಗಳನ್ನು ದಫ್ತರದಲ್ಲಿ ಬರೆಯಲೇಬೇಡಿ.

ನಿಮ್ಮ ಮಗನ ಪುಶ್ ಏಕೆ ಆಗಲಿಲ್ಲ ಎಂಬುದಕ್ಕೆ ಈಗ ಬಂದೆವು. ಅವನಿಗಿಂತ ಮೊದಲೇ ಬೇರೊಬ್ಬರು ಪುಶ್ ಮಾಡಿದ್ದಾರೆ. ಅವರ ನಮೂದು ಇವನ ಬಳಿ ಇಲ್ಲ. ಅದನ್ನು ಅಳಿಸಿ ಇವನದನ್ನು ಹೇರಲು ಗಿಟ್ ತಾನಾಗಿ ಒಪ್ಪುವುದಿಲ್ಲ. ಮೊದಲು ಪುಲ್ ಮಾಡಿ ಅವರದನ್ನು ಕೂಡಿಸಿಕೊ, ಆಮೇಲೆ ಪುಶ್ ಮಾಡು ಎನ್ನುತ್ತದೆ. ಹೇಗೆ ಕೂಡಿಸಲಿ ಎಂದು ಹೊಸ ಗಿಟ್ ಒಂದು ಪ್ರಶ್ನೆ ಕೇಳೀತು. ಪುಲ್ ಮುಂದೆ ‘ನೋ ರಿಬೇಸ್’ ಎಂದು ಸೇರಿಸಿದರೆ ಎರಡೂ ಚರಿತ್ರೆಗಳನ್ನು ಹಾಗೆಯೇ ಇಟ್ಟು ಹೊಲಿಗೆ ಹಾಕುತ್ತದೆ. ಇಬ್ಬರೂ ಬೇರೆ ಬೇರೆ ಕಡೆ ತಿದ್ದಿದ್ದರೆ ಈ ಕೂಡಿಕೆ ಎಷ್ಟೋ ಸಲ ತನ್ನಷ್ಟಕ್ಕೆ ಆಗಿಬಿಡುತ್ತದೆ. ಇಬ್ಬರೂ ಒಂದೇ ಸಾಲನ್ನು ಮುಟ್ಟಿದ್ದರೆ ತಂಟೆ.

ನಮ್ಮಲ್ಲಿ ಈ ತಂಟೆ ಬಂದದ್ದು ಒಂದು ಬೀಸುವ ಪದದಲ್ಲಿ. ಸಾಲಿನ ಕೊನೆಯ ಶಬ್ದ ನೆನಪಾಗದೆ ಇಬ್ಬರೂ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೆವು. ಒಂದು ರಾತ್ರಿ ನನಗೆ ಅತ್ತೆಯ ದನಿಯೇ ಕೇಳಿದಂತಾಗಿ, ಎದ್ದು ‘ಕೆರಿ’ ಎಂದು ತಿದ್ದಿ ಕಮಿಟ್ ಮಾಡಿದೆ. ಅದೇ ವಾರ ಕುಂದಗೋಳದಲ್ಲಿ ಆ ಹುಡುಗಿ ‘ಹಳ್ಳ’ ಎಂದು ತಿದ್ದಿ ಪುಶ್ ಮಾಡಿದ್ದಳು. ನಾನು ಪುಲ್ ಮಾಡಿದಾಗ ಗಿಟ್ ಅಲ್ಲಿಯೇ ನಿಂತಿತು. ಫೈಲು ತೆರೆದರೆ ಎಡಕ್ಕೆ ಬಾಯಿ ಮಾಡಿದ ಏಳು ಬಾಣಗಳು, ಕೆಳಗೆ ನನ್ನ ಸಾಲು. ನಡುವೆ ಸಮಚಿಹ್ನೆಗಳ ಗೆರೆ, ಅದರ ಕೆಳಗೆ ಅವಳ ಸಾಲು. ಕೊನೆಗೆ ಬಲಕ್ಕೆ ಬಾಯಿ ಮಾಡಿದ ಏಳು ಬಾಣಗಳು. ಯಾವುದು ಸರಿ ಎಂದು ಯಂತ್ರ ಹೇಳುವುದಿಲ್ಲ. ಇಬ್ಬರ ಮಾತನ್ನೂ ಮುಂದಿಟ್ಟು ಕೈಕಟ್ಟಿ ಕೂಡುತ್ತದೆ.

ಫೋನು ಹಚ್ಚಿದೆ. “ಅತ್ತಿ ಕೆರಿ ಅಂತನ ಹಾಡತಿದ್ರವಾ” ಎಂದೆ. “ಇಲ್ಲ ಮಾಮಾ, ನಮ್ಮ ಮನ್ಯಾಗ ಅಜ್ಜಿ ಬಂದಾಗ ಹಳ್ಳ ಅಂತನ ಹಾಡ್ಯಾಳ. ಇಲ್ಲೆ ಬೆಣ್ಣಿಹಳ್ಳ ಅದ, ಕೆರಿ ಅಂದ್ರ ಇಲ್ಲಿಯವರಿಗೆ ಹೆಂಗ ತಿಳೀಬೇಕು?” ಎಂದಳು. ಮುದುಕಿ ಊರು ನೋಡಿ ನೀರು ಬದಲಿಸುತ್ತಿದ್ದಳೆಂದು ಆಗ ಹೊಳೆಯಿತು. 64 ಪದಗಳನ್ನು ಬರೆದುಕೊಳ್ಳುವಾಗ ನಾನು ಇಂಥ ಎಷ್ಟು ಬದಲುಗಳನ್ನು ‘ತಪ್ಪು’ ಎಂದು ಅಳಿಸಿಹಾಕಿದ್ದೆನೋ!

ಅಣ್ಣಿಗೇರಿಯ ಹೆಸರಿನೊಡನೆ ಬಂದ ಪಂಪನ ವಿಕ್ರಮಾರ್ಜುನ ವಿಜಯ ರಚಿತವಾದದ್ದು 941ರಲ್ಲಿ. ಬಿ. ಎಲ್. ರೈಸ್ ಅವರು ಅದನ್ನು ಅಚ್ಚು ಹಾಕಿಸಿದ್ದು 1898ರಲ್ಲಿ. ನಡುವಿನ ಒಂಬೈನೂರಕ್ಕೂ ಮಿಕ್ಕಿದ ವರ್ಷ ಅದು ಕೈಯಿಂದ ಕೈಗೆ ನಕಲಾಗುತ್ತ ಬಂತು. ಹಳಗನ್ನಡ ಕಾವ್ಯಗಳ ಓಲೆಪ್ರತಿಗಳು ಒಂದರಂತೆ ಒಂದು ಇರುವುದಿಲ್ಲ. ಬಲ್ಲ ಸಂಪಾದಕರು ಒಂದು ಪಾಠವನ್ನು ಮೇಲಿಟ್ಟು, ಉಳಿದವನ್ನು ಪಾಠಾಂತರವೆಂದು ಪುಟದ ಅಡಿಯಲ್ಲಿ ಕೊಡುತ್ತಾರೆ. ನಾವೂ ಅದನ್ನೇ ಮಾಡಿದೆವು. ಬಾಣದ ಗುರುತುಗಳನ್ನೂ ನಡುವಿನ ಗೆರೆಯನ್ನೂ ಅಳಿಸಿ, ಸಾಲಿನಲ್ಲಿ ‘ಕೆರಿ’ ಇಟ್ಟು, ಕೆಳಗೆ “ಕುಂದಗೋಳದಲ್ಲಿ ‘ಹಳ್ಳ’” ಎಂದು ಬರೆದು, ಆಡ್ ಮಾಡಿ ಕಮಿಟ್ ಮಾಡಿದೆ. ಪುಶ್ ಸಲೀಸಾಗಿ ಆಯಿತು.

ಇನ್ನೊಂದು ಆಜ್ಞೆ ಉಳಿಯಿತು, ಕವಲಿನದು. ಕಲಘಟಗಿ ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ಅಲ್ಲಿರುವ ಅತ್ತೆಯ ಮಗಳಿಗೆ ಜೋಗುಳಗಳನ್ನು ಕೂಡಿಸುವ ಹುಮ್ಮಸ್ಸು. ಅವು ಅತ್ತೆಯವೇ, ಊರವರವೇ ಎಂಬುದು ಇನ್ನೂ ಗೊತ್ತಾಗಬೇಕು. ಅಲ್ಲಿಯವರೆಗೆ ಮೂಲ ಸಂಗ್ರಹದಲ್ಲಿ ಬೆರೆಸುವುದು ಬೇಡವೆನಿಸಿತು. ‘ಗಿಟ್ ಸ್ವಿಚ್’, ಅಡ್ಡಗೀಟು ‘ಸಿ’, ಮುಂದೆ ‘ತೊಟ್ಟಿಲು’ ಎಂದು ಹೊಡೆದಳು. ಆ ಹೆಸರಿನ ಕವಲು ಹುಟ್ಟಿತು, ಅವಳು ಅದರ ಮೇಲೆ ನಿಂತಳು. ಅಲ್ಲಿ ಆಕೆ ಎಷ್ಟು ಕಮಿಟ್ ಮಾಡಿದರೂ ಮುಖ್ಯ ಸಾಲಿಗೆ ತೊಂದರೆಯಿಲ್ಲ. ಆ ಸಾಲಿನ ಹೆಸರು ‘ಮೇನ್’, ಎಷ್ಟೋ ಹಳೆಯ ದಫ್ತರಗಳಲ್ಲಿ ‘ಮಾಸ್ಟರ್’. ಪರಿಶೀಲನೆ ಮುಗಿದ ಮೇಲೆ ‘ಗಿಟ್ ಸ್ವಿಚ್ ಮೇನ್’ ಎಂದು ಹಿಂದಿರುಗಿ, ‘ಗಿಟ್ ಮರ್ಜ್ ತೊಟ್ಟಿಲು’ ಎಂದರೆ ಹಳ್ಳ ಹೊಳೆಗೆ ಕೂಡಿದಂತೆ ಕೂಡುತ್ತದೆ. ಎಲ್ಲೆಲ್ಲಿ ಕವಲುಗಳಿವೆ ಎಂದು ನೋಡಲು ‘ಗಿಟ್ ಬ್ರಾಂಚ್’.

ಗಿಟ್‌ಗೆ ಇನ್ನೂ ನೂರಾರು ಆಜ್ಞೆಗಳುಂಟು. ಅವು ಮನೆಯ ಕೆಲಸಕ್ಕೆ ಅಪರೂಪಕ್ಕೆ ಬೇಕಾಗುತ್ತವೆ. ನಿಮ್ಮ ಟ್ರಂಕಿನಲ್ಲಿ ಕೈಬರಹದ ಲೆಕ್ಕದ ವಹಿ, ಹಾಡಿನ ವಹಿ, ಔಷಧದ ಟಿಪ್ಪಣಿ ಏನಾದರೂ ಇದ್ದರೆ ಬರುವ ಹಬ್ಬಕ್ಕೆ ಮಗ ಬಂದಾಗ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ಪುಟವನ್ನಾದರೂ ಟೈಪು ಮಾಡಿ, ‘ಗಿಟ್ ಇನಿಟ್’ನಿಂದ ಆರಂಭಿಸಿ. ಹಿರಿಯರು ಎದುರಿಗೇ ಇದ್ದರೆ ಹಬ್ಬದ ದಾರಿ ಕಾಯಬೇಡಿ.

ನಮ್ಮ ದಫ್ತರದಲ್ಲಿ ಈಗ 19 ಪದಗಳಿವೆ. ನವಲಗುಂದದ ತಮ್ಮ ಅಲ್ಲಿಯ ಮುದುಕಿಯರನ್ನು ಕೇಳಿ ಎಂಟನ್ನು ಸೇರಿಸಿದ್ದಾನೆ. ಪ್ರತಿಯೊಂದರ ಕಮಿಟ್‌ನಲ್ಲೂ ಯಾರ ಬಾಯಿಂದ, ಯಾವ ಓಣಿಯಲ್ಲಿ ಎಂದು ಬರೆದಿದ್ದಾನೆ. ‘ಗಿಟ್ ಲಾಗ್’ ಹೊಡೆದು ಕೆಳಕ್ಕೆ, ತಳದವರೆಗೆ ಹೋದರೆ ಮೊಟ್ಟಮೊದಲ ನಮೂದು ಸಿಗುತ್ತದೆ. ಅದನ್ನು ಬರೆದವಳು ಕುಂದಗೋಳದ ಹುಡುಗಿ: “ಅಜ್ಜಿಯ 11 ಪದ, ನೆನಪಿನಿಂದ. ಉಳಿದವು ನೆನಪಾದಂತೆ.”